ಸುತ್ತಿನಲ್ಲಿ ಆಡಿದ ಮಾತು

ಮಾರ್ಚ್ 4, ಸೋಮವಾರ

ಹೆಡ್‌ಫೋನ್ ಕಳಚಿದ ಮೇಲೂ ಕಿವಿ ಬಿಸಿ. ಬೆಳಗಿನಿಂದ ಸಹಾಯವಾಣಿಗೆ ಒಂದರ ಹಿಂದೆ ಒಂದು ಕರೆ. ಕೊನೆಯವರು ಅತ್ತು ಮುಗಿಸಿ, "ನಿಮ್ದು ಊಟ ಆಯ್ತಾ ಮೇಡಂ?" ಎಂದು ನನ್ನನ್ನೇ ವಿಚಾರಿಸಿಕೊಂಡರು. ಇಂಥದ್ದಕ್ಕೇ ಈ ಕೆಲಸವೆಂದರೆ ನನಗೆ ಪ್ರಾಣ.

ಆಮೇಲೆ ಸೋಮವಾರದ ಸುತ್ತು. ಕುರ್ಚಿ ದುಂಡಗೆ ಹಾಕಿ ಕೂರುತ್ತೇವೆ. ಒಬ್ಬೊಬ್ಬರೇ ಮನಸ್ಸಿನಲ್ಲಿದ್ದದ್ದು ಹೇಳಬೇಕು. ಉಳಿದವರು ಕೇಳಿಸಿಕೊಳ್ಳಬೇಕು, ಅಷ್ಟೇ. ಸಲಹೆ ಇಲ್ಲ. ಸುತ್ತಿನ ಮಾತು ಸುತ್ತಿನಾಚೆ ಹೋಗುವಂತಿಲ್ಲ. ದೊಡ್ಡಕ್ಕ — ಸಂಸ್ಥೆ ಕಟ್ಟಿದವರು, ನಮಗೆಲ್ಲ ಬಾಸ್ — ಹಾಕಿದ ನಿಯಮ; ಅವರೂ ಸುತ್ತಿನಲ್ಲೇ ಕೂರುತ್ತಾರೆ.

ನಾನು ಹೇಳಿಯೇಬಿಟ್ಟೆ. ಮಗಳು ಪುಟ್ಟಿಯನ್ನು ಸಂಜೆ ನೋಡಿಕೊಳ್ಳುವ ಪಕ್ಕದ ಮನೆ ಅಜ್ಜಿ ಮನೆ ಬದಲಿಸುತ್ತಿದ್ದಾರೆ. ಮಂಗಳವಾರ, ಗುರುವಾರ ನಮ್ಮ ಯಜಮಾನರಿಗೆ ಸಂಜೆ ಬಸ್ಸಿನ ಡ್ಯೂಟಿ. ಆ ಎರಡು ಸಂಜೆ ನಾನು ಮನೆಯಲ್ಲಿರಲೇಬೇಕು. ಹೇಳುತ್ತ ಅಳು ಬಂತು. ಎಲ್ಲರ ಕಣ್ಣೂ ತೇವ. ಗಡ್ಡದಣ್ಣ, ನನ್ನ ಪಕ್ಕದ ಸೀಟಿನವರು, ಟಿಶ್ಯೂ ಡಬ್ಬಿ ಮುಂದೆ ತಳ್ಳಿದರು. ಹಗುರಾಯಿತು.

ಮಾರ್ಚ್ 8, ಶುಕ್ರವಾರ

ಮುಂದಿನ ವಾರಗಳ ಡ್ಯೂಟಿ ಚಾರ್ಟ್ ಬಂತು. ಹಿಂದಿನಂತೆಯೇ ಮಂಗಳವಾರ ಸಂಜೆ — ನಾನು. ಗುರುವಾರ ಸಂಜೆ — ನಾನು.

ಮೈಯೆಲ್ಲ ಉರಿದುಹೋಯಿತು. ಅಳಲು ಟಿಶ್ಯೂ ಕೊಡುತ್ತಾರೆ, ಒಂದು ಸಂಜೆ ಕೊಡಲಾರರು! ಗಡ್ಡದಣ್ಣನ ಹತ್ತಿರ ಹೇಳಿಕೊಂಡೆ.

"ನಿಮಗೆ ತುಂಬಾ ಬೇಜಾರಾಗಿದೆ ಅನ್ಸುತ್ತೆ."

"ಅನ್ಸೋದೇನ್ರೀ, ಆಗಿದೆ!"

"ಹ್ಞೂಂ... ಆಗಿದೆ" ಎಂದು ತಲೆಯಾಡಿಸಿದರು. ಆ ಗಡ್ಡ ಹಿಡಿದು ಜಗ್ಗಬೇಕೆನಿಸಿತು.

ದೊಡ್ಡಕ್ಕನ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಹೋಗಿ ಕಾಲು ಹಿಡಿಯಲೇ? ಮುಖ ತಿರುಗಿಸಿಕೊಂಡು ಬಂದೆ.

ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ಒಬ್ಬ ಹುಡುಗಿಯ ಜೊತೆ ಆದ ಜಗಳದ ಕಥೆ ತೆಗೆದಳು. "ಹ್ಞೂಂ, ನಿಂಗೆ ಕೋಪ ಬಂತು ಅಲ್ವಾ" ಎಂದೆ.

"ಅಮ್ಮಾ, ಆಫೀಸ್ ದನಿ ಬೇಡ" ಎಂದು ಎದ್ದುಹೋದಳು. ಕಥೆ ಅರ್ಧಕ್ಕೇ ನಿಂತಿತು.

ಮಾರ್ಚ್ 13

ಅಜ್ಜಿ ಸಾಮಾನು ಕಟ್ಟುತ್ತಿದ್ದಾರೆ. "ನಾನೊಬ್ಳೇ ಇರ್ತೀನಿ ಬಿಡಮ್ಮಾ, ಚಿಲಕ ಹಾಕ್ಕೊಂಡು" ಎಂದಳು ಪುಟ್ಟಿ. ಎಂಟು ವರ್ಷ ಅವಳಿಗೆ.

"ದೊಡ್ಡಕ್ಕನ ಹತ್ರ ಹೋಗಿ ಬಾಯ್ಬಿಟ್ಟು ಕೇಳಿದ್ಯಾ?" ಎಂದರು ಇವರು.

"ಎಲ್ಲರ ಮುಂದೆ ಅತ್ತಿದೀನಲ್ಲ, ಸಾಲ್ದಾ?"

ನಾಳೆ ಕೆಲಸ ಬಿಡುತ್ತೇನೆಂದು ಹೇಳಿಬಿಡುವುದು. ಈ ಸಾಲನ್ನು ಒಮ್ಮೆ ಹೊಡೆದುಹಾಕಿ, ಮತ್ತೆ ಬರೆದೆ.

ಮಾರ್ಚ್ 14, ಮಧ್ಯಾಹ್ನ

ಬಾಗಿಲು ಇಂದೂ ತೆರೆದೇ ಇತ್ತು. ನಿಂತುಕೊಂಡೇ ಹೇಳಿದೆ — "ಮಂಗಳವಾರ, ಗುರುವಾರ ಸಂಜೆ ಬರೋಕಾಗಲ್ಲ. ಚಾರ್ಟ್ ಬದಲಾಯಿಸೋಕಾಗಲ್ಲಾಂದ್ರೆ ಕೆಲಸ ಬಿಡ್ತೀನಿ."

ದೊಡ್ಡಕ್ಕ ಕನ್ನಡಕ ತೆಗೆದರು. "ಅಬ್ಬಾ! ಅಂತೂ ಬಂದ್ಯಲ್ಲಮ್ಮ!"

"ಸುತ್ತಲ್ಲೇ ಹೇಳಿದ್ನಲ್ಲ?"

"ಸುತ್ತಲ್ಲಿ ಆಡಿದ್ದನ್ನ ಚಾರ್ಟಿಗೆ ಹೇಗೆ ತರ್ಲಿ? ನಾನೇ ಮಾಡಿದ ನಿಯಮ. ನೀನೇ ಬರ್ತೀಯ ಅಂತ ಬಾಗಿಲು ತೆಗೆದಿಟ್ಕೊಂಡು ಕಾಯ್ತಾ ಇದೀನಿ. ಎಸಿ ಎಲ್ಲಾ ಕಾರಿಡಾರ್ ಪಾಲು! ಆ ಗಡ್ಡದವನು ಬೇರೆ ಬಂದು, ನಿನ್ನ ಸಂಜೆ ಪಾಳಿಗಳನ್ನ ತನಗೆ ಕೊಡಿ ಅಂದ. ಯಾಕಪ್ಪಾ ಅಂದ್ರೆ, ಹೇಳೋ ಹಾಗಿಲ್ಲ ಅಂದ."

ಮುಖ ಮುಖ ನೋಡಿಕೊಂಡೆವು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಊರಿನ ಕಷ್ಟವನ್ನೆಲ್ಲ ಕೇಳಿಸಿಕೊಳ್ಳುವವರು ನಾವು!

ನಕ್ಕ ಮೇಲೂ ಸ್ವಲ್ಪ ಕೋಪ ಉಳಿದಿತ್ತು. ಅದನ್ನೂ ಹೇಳಿದೆ. "ಮಗು ಒಬ್ಳೇ ಇರ್ಬೇಕಾಗ್ತಿತ್ತು, ದೊಡ್ಡಕ್ಕ."

"ತಪ್ಪಾಯ್ತು ಕಣಮ್ಮ" ಎಂದರು. ಇನ್ನು ಪ್ರತಿ ಸುತ್ತಿನ ಕೊನೆಗೆ, ಹೊರಗೆ ತರಬೇಕಾದದ್ದು ಏನಾದರೂ ಇದೆಯೇ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರಂತೆ.

ಎರಡೂ ಸಂಜೆ ಗಡ್ಡದಣ್ಣನಿಗೆ. ಅವರ ಬೆಳಗಿನ ಪಾಳಿ ನನಗೆ.

ಮಾರ್ಚ್ 19, ಮಂಗಳವಾರ, ಸಂಜೆ

ಮನೆಯಲ್ಲಿದ್ದೇನೆ! ಪುಟ್ಟಿ ಹೊಸ ಬೆಡ್‌ಶೀಟಿನ ಮೇಲೆ ಬಣ್ಣದ ನೀರು ಚೆಲ್ಲಿದಳು. ಅಭ್ಯಾಸಬಲ... "ಪರವಾಗಿಲ್ಲ ಪುಟ್ಟಿ, ನಿಂಗೂ ಬೇಜಾರಾಗಿರುತ್ತೆ..." ಎಂದು ಶುರುಮಾಡಿದೆ. ಬಣ್ಣ ಹಾಸಿಗೆಗೂ ಇಳಿಯಿತು. ನನ್ನ ಗಂಟಲು ತಾನಾಗಿಯೇ ಬಿಚ್ಚಿಕೊಂಡಿತು.

"ಏಯ್ ಕತ್ತೆ! ಮಂಚದ ಮೇಲೆ ಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ!"

ಬೆಚ್ಚಿದಳು. ಆಮೇಲೆ ಓಡಿಬಂದು ಸೊಂಟ ತಬ್ಬಿಕೊಂಡಳು.

"ಬಂದ್ಯಾ ಅಮ್ಮಾ?"

ನಾನು ಬಂದು ಆಗಲೇ ಎಷ್ಟೋ ಹೊತ್ತಾಗಿತ್ತು.

ಬೆಡ್‌ಶೀಟ್ ನೆನೆಸಿಟ್ಟಿದ್ದೇನೆ. ಈಗ ಕರೆಯುತ್ತಿದ್ದಾಳೆ. ಆವತ್ತಿನ ಜಗಳದ ಉಳಿದರ್ಧ ಹೇಳಬೇಕಂತೆ. ಯಾರದ್ದು ತಪ್ಪು ಅಂತ ನಾನು ಬಾಯ್ಬಿಟ್ಟು ಹೇಳಲೇಬೇಕಂತೆ. ನನಗೇನೋ ಆ ಹುಡುಗಿಯದ್ದೇ —