ಯುಕ್ಕಾ ಹೂವಿಗೆ ಬಂದ ಬಿಳಿ ಪತಂಗ

ನನ್ನ ಮುದ್ದಿನ ರುಹೀನಾ,

ನ್ಯಾಮತಿಯ ನಮ್ಮ ಅಂಗಳದಲ್ಲಿ ನೀನು ನೆಟ್ಟ ಯುಕ್ಕಾ ಕೊನೆಗೂ ಹೂ ಬಿಟ್ಟಿದೆ. ಚೂಪು ಎಲೆಗಳ ನಡುವೆ ಬಿಳಿ ಹೂಗಳ ಉದ್ದನೆಯ ಗೊಂಚಲು. ನೋಡಲು ನೀನಿಲ್ಲ. ಜ್ವರ ಅಂತ ಆಸ್ಪತ್ರೆಗೆ ಹೋದವಳು ಮನೆಗೆ ಬರಲೇ ಇಲ್ಲ. ಏಣಿಯ ತುದಿಯಲ್ಲಿ ನಿಂತು ಅಂಗಡಿಗಳ ಬೋರ್ಡ್ ಬರೆಯುವ ನಾನು ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದೆ.

ಹೊನ್ನಾಳಿ ಕಾಲೇಜಿನಿಂದ ಗಿಡ ತಂದ ದಿನ ನೀನು ಅಂದಿದ್ದೆ: "ಅಬ್ಬಾ, ಇದರ ಊರಲ್ಲಿ ಇದಕ್ಕಂತಾನೇ ಒಂದು ಬಿಳಿ ಪತಂಗ ಐತೆ. ಅದು ಬಂದು ಪರಾಗ ತುಂಬಿದ್ರೇನೇ ಕಾಯಿ. ನಮ್ಮಲ್ಲಿ ಅದಿಲ್ಲ. ಹೂ ಬರಲಿ, ನಾನೇ ಪತಂಗ ಆಗ್ತೀನಿ." ಹಾಗೆಂದು ನನ್ನ ತೀರಾ ಸಣ್ಣ ಕುಂಚವನ್ನು ಎತ್ತಿಕೊಂಡು ಹೋಗಿ ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟೆ. ಒತ್ತಕ್ಷರ ಬರೆಯಲು ಕುಂಚವಿಲ್ಲವೆಂದು ನಾನು ಎಷ್ಟು ದಿನ ಗೊಣಗಿದೆನೋ.

ಒಂದು ಸಂಜೆ ಹೂವಿನೊಳಗೆ ಮಾಸಲು ಬಿಳಿಯ ಪತಂಗವೊಂದು ಕೂತಿತ್ತು. ಸತ್ತವರು ಪತಂಗವಾಗಿ ಮನೆ ನೋಡಲು ಬರುತ್ತಾರೆ, ಓಡಿಸಬಾರದು ಎಂದು ನಿನ್ನ ನಾನಿ ಹೇಳುತ್ತಿದ್ದರಂತೆ. ನಿನ್ನ ಅಮ್ಮಿ ಸೆರಗನ್ನು ಬಾಯಿಗಿಟ್ಟುಕೊಂಡು ನಿಂತುಬಿಟ್ಟಳು. "ನಮ್ಮ ಹುಡುಗಿ ಬಂದಾಳೆ ರೀ, ಜೋರಾಗಿ ಮಾತಾಡಬ್ಯಾಡ್ರಿ" ಅಂದಳು. ಅಂದಿನಿಂದ ಅಂಗಳದ ಬಲ್ಬ್ ಆರಿಸಲು ಬಿಡುತ್ತಿಲ್ಲ.

ನಾನು ಬೇರೆ ಆಸೆಗೆ ಬಿದ್ದೆ. ಇದು ನೀನು ಹೇಳಿದ ಪತಂಗವೇ ಆಗಿದ್ದರೆ? ಜಗಳೂರಿನಲ್ಲಿರುವ ನಿನ್ನ ಕಾಲೇಜಿನ ಗೆಳತಿ ಅರ್ಪಿತಾಗೆ ಫೋಟೋ ಕಳಿಸಿದೆ. "ಅಂಕಲ್, ರೆಕ್ಕೆ ಮ್ಯಾಲೆ ಕಪ್ಪು ಚುಕ್ಕೆ ಐತಲ್ಲ, ಇದು ಭತ್ತದ ಕಾಂಡ ಕೊರೆಯೋ ಹುಳದ ಪತಂಗ. ಗದ್ದೆಯಿಂದ ಬಲ್ಬಿನ ಬೆಳಕಿಗೆ ಬಂದೈತೆ" ಎಂದು ಹೇಳಿ ಫೋನಿನಲ್ಲೇ ಅತ್ತಳು.

ಔಷಧಿ ಹೊಡೆದು ಕೊಲ್ಲುವ ಹುಳ ಅದು. ಅಮ್ಮಿಗೆ ಹೇಳಬೇಕೆಂದು ಅಂಗಳಕ್ಕೆ ಬಂದರೆ, ಅವಳು ಗಿಡದ ಪಕ್ಕ ಕೂತು ಈದ್‌ಗೆ ಹೊಲಿಸಿದ ನಿನ್ನ ಬಟ್ಟೆಯ ವಿಷಯ ಆ ಪತಂಗಕ್ಕೆ ಹೇಳುತ್ತಿದ್ದಳು. ಫೋನನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದೆ. ಮರುದಿನದಿಂದ ಅವಳು ಸಂಜೆಯ ಮಗ್ರಿಬ್ ನಮಾಜಿಗೆ ನಿಂತ ಹೊತ್ತಿನಲ್ಲಿ ಕಿಟಕಿಯ ಕುಂಚ ತೆಗೆದುಕೊಂಡು ಹೂವಿನಿಂದ ಹೂವಿಗೆ ಪರಾಗ ಸವರುತ್ತಾ ಬಂದೆ. ಸರಿಯಾಗಿ ಮಾಡುತ್ತಿದ್ದೇನೋ ಇಲ್ಲವೋ ಕೇಳಲು ನೀನಿರಲಿಲ್ಲ.

ಇವತ್ತು ಒಂದು ಪುಟ್ಟ ಹಸಿರು ಕಾಯಿ ಕಾಣಿಸಿತು. ಅಮ್ಮಿ ಮುಟ್ಟದೆ ಅದರ ಸುತ್ತ ಅಂಗೈ ಹಿಡಿದಳು. "ನೋಡ್ರಿ, ಅವಳು ಬಂದಿದ್ದಕ್ಕೇ ಕಾಯಿ ಕಟ್ಟೈತೆ. ಇಲ್ಲಾಂದ್ರೆ ಹೆಂಗೆ ಕಟ್ತಿತ್ತು?"

ಹೌದು ಅಂದೆ. ಕುಂಚವನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ.

ಬಲ್ಬ್ ಉರಿಯುತ್ತಲೇ ಇದೆ, ಮಗಳೇ. ಅಲ್ಲಾಹ್ ನಿನ್ನ ಕಬರಿನಲ್ಲೂ ಬೆಳಕಿಡಲಿ.

ನಿನ್ನ ಅಬ್ಬಾ,
ಇಲಿಯಾಸ್ ಪೇಂಟರ್