ಇನ್ನೂರರ ಮಸೂರ

ಭಾನುವಾರ, ಮಧ್ಯಾಹ್ನ

ನಮ್ಮ ಕುಲುಮೆ ರಾಯರಿಗೆ,

ಹೀಗೆ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ. ನೀವು ಹೋಗಿ ಹನ್ನೊಂದು ತಿಂಗಳಾಯಿತು. ಮನೆಯಲ್ಲಿ ಕೆಮ್ಮಿದರೆ ಯಾಕೆ ಎಂದು ಕೇಳುವವರಿಲ್ಲ. ಮೊನ್ನೆ ಕುಕ್ಕರಿನ ಜೊತೆ ಜಗಳವಾಡಿದೆ. ನಿಮ್ಮಂತಲ್ಲ ಅದು, ತಿರುಗಿ ಕೂಗುತ್ತದೆ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಕುಲುಮೆಯಿಂದ ಬಂದ ಉಕ್ಕಿನ ಸರಳುಗಳನ್ನು ಪರೀಕ್ಷಾ ಕೋಣೆಯಲ್ಲಿ ನೋಡಿ ಕೆಟ್ಟಿವೆ ಎಂದು ಬರೆದುಕೊಟ್ಟೆನಲ್ಲ, ಅವು ಸರಿಯಾಗಿಯೇ ಇದ್ದವು. ತಪ್ಪು ನನ್ನದು.

ಉಕ್ಕು ಹೆಚ್ಚು ಹೊತ್ತು ಬೆಂದರೆ ಒಳಗಿನ ಕಣಗಳು ಬೆಳೆದು ದೊಡ್ಡವಾಗುತ್ತವೆ ಎಂದು ನಿಮಗೆ ಹೇಳಿಕೊಟ್ಟವಳೇ ನಾನು. ಕಣ ಸಣ್ಣದಿದ್ದರೆ ನಡುವೆ ಗೋಡೆಗಳು ಹೆಚ್ಚು. ಎಳೆದಾಗ ಒಳಗೆ ಶುರುವಾದ ಪದರಗಳ ಜಾರುವಿಕೆ ಆ ಗೋಡೆಗಳಿಗೆ ತಾಗಿ ನಿಲ್ಲುತ್ತದೆ. ದೊಡ್ಡದಾದರೆ ತಡೆಯುವುದು ಕಡಿಮೆ, ಸರಳು ಬೇಗ ಬಾಗುತ್ತದೆ. ಆ ದಿನ ಮೈಕ್ರೋಸ್ಕೋಪಿನಲ್ಲಿ ಕಣಗಳು ದೊಡ್ಡದಾಗಿ ಕಂಡವು. ಕಣದ ಗಾತ್ರ ಹೋಲಿಸಿ ನೋಡಲು ಕೋಣೆಯ ಗೋಡೆಗೆ ಹಾಕಿದ ಪಟ ನೂರು ಪಟ್ಟು ತೋರಿಸುವ ಮಸೂರಕ್ಕೆ ಮಾಡಿದ್ದು. ನಾನು ಬಿರುಕು ಹುಡುಕಲು ಹಾಕಿದ್ದ ಇನ್ನೂರರ ಮಸೂರವನ್ನು ಬದಲಿಸಿರಲೇ ಇಲ್ಲ, ಕಣಗಳು ಎರಡರಷ್ಟು ದೊಡ್ಡದಾಗಿ ಕಂಡದ್ದು ಅದಕ್ಕೇ.

ಗಡಿಯಾರ ನೋಡ್ಕೊಂಡೇ ಕುಲುಮೆಯಿಂದ ತೆಗ್ದಿದೀನಿ, ಇನ್ನೊಂದ್ಸಲ ನೋಡು ಅಂದಿರಿ. ಹತ್ತು ಜನರ ಎದುರು ನನಗೇ ಪಾಠವೇ ಎಂದು ಮೂಗಿನ ತುದಿಗೆ ಸಿಟ್ಟು ಬಂತು. ನೋಡಲಿಲ್ಲ. ನಿಮ್ಮ ಕೆಲಸ ಹೋಯಿತು. ಮನೆಗೆ ಬಂದ ಮೇಲೂ ಅದೇ ವರದಿ ಹಿಡಿದು ವಾದಿಸಿದೆ. ನೀವು ಎರಡು ಅಂಗಿ ತೆಗೆದುಕೊಂಡು ಅಣ್ಣನ ಮನೆಗೆ ಹೊರಟಿರಿ.

ಹೋದ ವಾರ ಪರೀಕ್ಷಾ ಕೋಣೆಯ ಬೀರು ತೆರವು ಮಾಡುವಾಗ ಅಂದು ನೋಡಿದ್ದ ಸರಳಿನ ತುಂಡು ಸಿಕ್ಕಿತು. ಸರಿಯಾದ ಮಸೂರ ಹಾಕಿ ನೋಡಿದೆ. ಕಣಗಳು ಎಳ್ಳು ಚೆಲ್ಲಿದಂತೆ ಸಣ್ಣಗಿದ್ದವು.

ನಿನ್ನೆ ಎಲ್ಲವನ್ನೂ ಬರೆದು ಮೇಲ್ವಿಚಾರಕರ ಕೈಗಿಟ್ಟೆ. ನಿಮ್ಮನ್ನು ಮತ್ತೆ ಕರೆಸುತ್ತಾರಂತೆ. ನನ್ನ ಗತಿ ನಾಳೆ ಗೊತ್ತಾಗುತ್ತದೆ. ಕೆಲಸಕ್ಕೆ ಬನ್ನಿ. ಮನೆಗೆ ಬನ್ನಿ ಎನ್ನಲು ನಾಲಿಗೆ ಏಳುತ್ತಿಲ್ಲ. ಒಬ್ಬಳೇ ಇರುವುದು ನನ್ನಿಂದ ಆಗುತ್ತಿಲ್ಲ, ಅದಂತೂ ನಿಜ.

ಇಂತಿ,
ಇನ್ನೂ ನಿಮ್ಮವಳೆಂದುಕೊಂಡಿರುವ
ಹೆಂಡತಿ

ಇನ್ನೊಂದು ಮಾತು: ಹೋದ ವಾರವಷ್ಟೇ ಗೊತ್ತಾಯಿತು ಎಂಬಂತೆ ಬರೆದದ್ದು ಸುಳ್ಳು. ನೀವು ಹೋದ ಮೂರನೇ ದಿನವೇ ಮನಸ್ಸು ತಡೆಯದೆ ಆ ಸರಳುಗಳಲ್ಲೊಂದನ್ನು ಎಳೆದು ಬಲ ಅಳೆಯುವ ಯಂತ್ರಕ್ಕೆ ಹಾಕಿದ್ದೆ. ಬೇಕಾದದ್ದಕ್ಕಿಂತ ಹೆಚ್ಚು ಭಾರ ತಡೆಯಿತು. ಕಣ ದೊಡ್ಡದಾಗಿದ್ದರೆ ಅಷ್ಟು ತಡೆಯುವುದಿಲ್ಲ, ನನಗೆ ಆಗಲೇ ಗೊತ್ತಾಯಿತು. ಮೇಲ್ವಿಚಾರಕರಿಗೂ ಇದನ್ನು ಹೇಳಿಲ್ಲ, ನಾಳೆ ಹೇಳುತ್ತೇನೆ. ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡು ಕೂತೆ, ನೀವೇ ಮೊದಲು ಸೋತು ಬರಲಿ ಎಂದು.