ಕಂಬ ಎಣಿಸಿದ ಜನ

ಮಂಗಳವಾರ, ೧೪

ನಾಳೆ ಪುರಸಭೆಯ ಮೀಟಿಂಗು. ಕಲ್ಲು ಹಾಸುವ ನಮ್ಮ ಕೆಲಸ ಮುಗಿದ ಮೇಲೆ ಪೇಟೆ ಬೀದಿಗೆ ದಿನಕ್ಕೆ ಮೊದಲಿಗಿಂತ ಇನ್ನೂರೈವತ್ತು ಜನ ಹೆಚ್ಚಾಗಿ ಬರುತ್ತಿದ್ದಾರೆ ಎಂದು ನಾನೇ ಬರೆದ ವರದಿ ಚೀಲದಲ್ಲಿದೆ. ಅದನ್ನು ಕೊಡಲೋ ಬೇಡವೋ, ಒಂದೂ ತಿಳಿಯುತ್ತಿಲ್ಲ.

ಅಂಕಿ ನನ್ನದಲ್ಲ. ಹೊಸ ಕಲ್ಲು ಹಾಸುವ ಮೊದಲೇ ಬೀದಿ ನಡುವಿನ ಕಂಬಕ್ಕೆ ಕೂರಿಸಿದ ಯಂತ್ರ ಹಾದುಹೋದವರನ್ನೆಲ್ಲ ಎಣಿಸುತ್ತದೆ. ಆದರೂ ಅದೇ ಬೀದಿಯ ಗುಂಡಿ-ದಾರದ ಅಂಗಡಿಯವರು ವ್ಯಾಪಾರವಿಲ್ಲದೆ ಶುಕ್ರವಾರ ಬಾಗಿಲು ಮುಚ್ಚಿಬಿಡುತ್ತಾರಂತೆ. "ಎಲ್ರೀ ಮೇಡಂ ನಿಮ್ಮ ಜನ? ನನ್ನ ಕಣ್ಣಿಗೊಬ್ರೂ ಬೀಳ್ತಿಲ್ವಲ್ಲ!" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದರು.

ಉತ್ತರ ಊಟಕ್ಕೆ ಕೂತಾಗ ಸಿಕ್ಕಿತು. ಅತ್ತೆ ಮಂಡಿ ನೀವಿಕೊಳ್ಳುತ್ತಾ, "ಬೆಳಗ್ಗೆ ಅಂಗಡಿ ತೆಗೆಯೋಕ್ ಮುಂಚೆ ನಾವು ನಾಲ್ಕು ಜನ ಆ ಕಂಬಕ್ಕೆ ಅರವತ್ತು ಸುತ್ತು ಹಾಕ್ತೀವಿ ಕಣೆ, ದಿನಾ. ಕಲ್ಲು ಎಷ್ಟು ಚೆನ್ನಾಗಿ ಹಾಸಿದ್ದೀರಿ, ಎಡವೋ ಭಯಾನೇ ಇಲ್ಲ," ಎಂದರು.

ತಟ್ಟೆಯ ಅಂಚಲ್ಲೇ ಲೆಕ್ಕ ಹಾಕಿದೆ. ನಾಲ್ಕು ಅರವತ್ತಲಿ ಇನ್ನೂರ ನಲವತ್ತು. ಉಳಿದದ್ದು ಹತ್ತು ಜನ, ಅದರಲ್ಲಿ ನಾನೂ ಒಬ್ಬಳು.

ನಗಬೇಕೋ ಅಳಬೇಕೋ. ನಿಜ ಹೇಳಿದರೆ ಮೂರು ವರ್ಷದ ಕೆಲಸ ನೀರಲ್ಲಿ ಹೋಮ. ಹೇಳದಿದ್ದರೆ ಶುಕ್ರವಾರ ಆ ಅಂಗಡಿಯವರ ಮುಖ ಹೇಗೆ ನೋಡಲಿ? ವರದಿಯನ್ನು ಎರಡು ಸಲ ಹೊರಗೆ ತೆಗೆದೆ, ಎರಡು ಸಲವೂ ಒಳಗಿಟ್ಟೆ.

ಬಾಗಿಲು ಹಾಕಲು ಹೋದಾಗ ಅತ್ತೆಯ ಚಪ್ಪಲಿ ಕಂಡೆ. ಹಿಮ್ಮಡಿ ಪೂರಾ ಸವೆದಿದೆ. ಮಾವ ತೀರಿಹೋದ ಮೇಲೆ ಅತ್ತೆ ಹೊಸಿಲು ದಾಟದೆ ಎರಡು ವರ್ಷ ಅದು ಹೊಸದಾಗಿಯೇ ಇತ್ತು. ಇದನ್ನು ವರದಿಯ ಯಾವ ಕಲಂನಲ್ಲಿ ಬರೆಯಲಿ?